ರೌಂಡ್ಸ್‌ಗೆ ಮುಂಚೆ ಕಟ್ಟಿದ ಕಾಲುಗಳು

ಹೊಸದಾಗಿ ನರ್ಸ್ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ನನಗೆ ಮೆಸೇಜ್ ಹಾಕಿದ್ದಳು. "ಆಂಟಿ, ನನ್ನನ್ನ ಡ್ರೆಸಿಂಗ್ ರೂಮಿಗೆ ಹಾಕ್ಬಿಟ್ಟಿದ್ದಾರೆ. ಬರೀ ಕಾಲು ಹುಣ್ಣು. ವಾಸನೆಗೆ ಊಟ ಸೇರ್ತಿಲ್ಲ. ಯಾರಿಗೆ ಹೇಳಿದ್ರೆ ಚೇಂಜ್ ಮಾಡ್ತಾರೆ?"

ಯಾರಿಗೂ ಹೇಳಬೇಡ ಕಣಮ್ಮ. ಅಲ್ಲೇ ಇರು. ನನ್ನನ್ನೂ ಅಲ್ಲಿಗೆ ಹಾಕಿದ್ದು ಶಿಕ್ಷೆ ಅಂತಲೇ. ತೊಂಬತ್ತರ ದಶಕದ ಶುರುವಿನಲ್ಲಿ ಮೈಸೂರಿನ ಒಂದು ದೊಡ್ಡ ಆಸ್ಪತ್ರೆಯಲ್ಲಿ ಹೆಡ್ ಸಿಸ್ಟರ್‌ಗೆ ಎದುರು ಮಾತಾಡಿದೆ ಅಂತ ಗಂಡಸರ ಸರ್ಜಿಕಲ್ ವಾರ್ಡಿನ ಕೊನೆಯಲ್ಲಿದ್ದ ಡ್ರೆಸಿಂಗ್ ರೂಮಿಗೆ ತಳ್ಳಿದರು. ಹೊರರೋಗಿಗಳು, ಹೆಂಗಸರೂ ಸೇರಿ, ಅಲ್ಲಿಗೇ ಬರುತ್ತಿದ್ದರು. ಆರು ತಿಂಗಳು ಅಂದಿದ್ದರು. ಹದಿನಾರು ವರ್ಷ ಅಲ್ಲೇ ಇದ್ದೆ. ಆಮೇಲೆ ನಾನೇ ಬೇಡ ಅಂತ ವಾಲಂಟರಿ ರಿಟೈರ್ಮೆಂಟ್ ತಗೊಂಡು ಮನೆಗೆ ಬಂದೆ. ಎಷ್ಟು ಸರ್ಟಿಫಿಕೇಟ್ ಬಂತು, ಯಾವಾಗ ಗ್ರೇಡ್ ಏರಿತು ಅನ್ನೋದನ್ನೆಲ್ಲ ಇಲ್ಲಿ ಬರೆಯಲ್ಲ. ಕಾಲಿನ ವಿಷಯ ಬರೆಯುತ್ತೇನೆ. ಓದೋದಾದರೆ ಓದಿ.

ಮೊದಲು ಒಂದು ಮಾತು. ಒಂದೂವರೆ ತಿಂಗಳಾದರೂ ಮಾಯದ ಕಾಲಿನ ಗಾಯ ಬರೀ ಗಾಯ ಅಲ್ಲ. ಅದರ ಹಿಂದೆ ಬೇರೆ ಏನೋ ಕಾಯಿಲೆ ಕೂತಿರುತ್ತದೆ. ಇದು ನನಗೆ ನರ್ಸಿಂಗ್ ಸ್ಕೂಲಿನಲ್ಲಿ ಯಾರೂ ಹೇಳಿಕೊಟ್ಟಿರಲಿಲ್ಲ. ನಮಗೆ ಹೇಳಿಕೊಟ್ಟಿದ್ದು ತೊಳೆ, ಔಷಧಿ ಸುರಿ, ಕಟ್ಟು, ಅಷ್ಟೇ. ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ಬುಸ್ ಅಂತ ನೊರೆ ಬರುತ್ತಿತ್ತು. ರೋಗಿಗೂ ಖುಷಿ, ನಮಗೂ ಖುಷಿ, ಏನೋ ಭಾರಿ ಕೆಲಸ ನಡೆಯುತ್ತಿದೆ ಅಂತ. ಹಳೇ ಬಟ್ಟೆ ಗಾಯಕ್ಕೆ ಅಂಟಿಕೊಂಡಿದ್ದರೆ ಒಣಗಿದ್ದನ್ನೇ ಚರ್ ಅಂತ ಕೀಳುತ್ತಿದ್ದೆವು. ರಕ್ತ ಬಂದರೆ "ಒಳ್ಳೇ ರಕ್ತ ಬಂತು" ಅನ್ನುತ್ತಿದ್ದೆವು. ದಿನಾ ಬೆಳಿಗ್ಗೆ ಹೊಸದಾಗಿ ಹುಟ್ಟಿದ ಚರ್ಮವನ್ನು ನಾವೇ ಕಿತ್ತು ಬಿಸಾಕಿ, ಯಾಕೋ ಮಾಯುತ್ತಿಲ್ಲ ಅಂತ ತಲೆ ಕೆರೆದುಕೊಳ್ಳುತ್ತಿದ್ದೆವು. ಉಪ್ಪುನೀರಲ್ಲಿ ನೆನೆಸಿ ನಿಧಾನವಾಗಿ ಬಿಡಿಸಬೇಕು ಅನ್ನುವ ಬುದ್ಧಿ ಬರಲು ನನಗೆ ಮೂರು ವರ್ಷ ಬೇಕಾಯಿತು. ನಿಮಗೆ ಮೂರು ನಿಮಿಷದಲ್ಲಿ ಹೇಳಿದ್ದೇನೆ. ಪುಕ್ಕಟೆ.

ನನ್ನ ಕಣ್ಣು ಬಿಡಿಸಿದ್ದು ಯಾದವಗಿರಿಯಲ್ಲಿ ಇಸ್ತ್ರಿ ಗಾಡಿ ಇಟ್ಟುಕೊಂಡಿದ್ದ ಜಯಮ್ಮ. ಬೆಳಿಗ್ಗೆಯಿಂದ ಸಂಜೆವರೆಗೂ ಮರದ ಕೆಳಗೆ ನಿಂತೇ ಇರುವ ಹೆಂಗಸು. ಎಡಗಾಲಿನ ಒಳಗಡೆ ಹರಡಿನ ಮೇಲೆ ಅಂಗೈ ಅಗಲದ ಹುಣ್ಣು, ಆಳ ಇಲ್ಲ, ಆದರೆ ಸದಾ ನೀರು ಸೋರುತ್ತಿತ್ತು. ಸುತ್ತ ಚರ್ಮ ಕಾಫಿ ಡಿಕಾಕ್ಷನ್ ಚೆಲ್ಲಿದ ಹಾಗೆ ಕಂದು. ಹಿಮ್ಮಡಿಯಿಂದ ಮಂಡಿವರೆಗೆ ನರಗಳು ಎರೆಹುಳು ಥರ ಸುತ್ತಿಕೊಂಡಿದ್ದವು. ಅದರ ಮೇಲೆ ಕಾಫಿ ಪುಡಿ, ಅರಿಶಿನ, ಇದ್ದಿಲ ಬೂದಿ ಎಲ್ಲ ಪ್ರಯೋಗ ಮುಗಿಸಿ ನಮ್ಮ ಹತ್ತಿರ ಬಂದಿದ್ದಳು.

"ಐದು ವರ್ಷ ಆಯ್ತು ಸಿಸ್ಟರೇ. ಯಾರೋ ಮಾಟ ಮಾಡ್ಸವ್ರೆ."

"ಮಾಟ ಮಾಡ್ಸೋರಿಗೆ ನಿನ್ನ ಎಡಗಾಲೇ ಬೇಕಿತ್ತಾ?" ಅಂದೆ.

"ಬಲಗಾಲಿಗೂ ಬತ್ತಾ ಅದೆ, ನೋಡಿ!" ಅಂತ ಸೀರೆ ಎತ್ತಿ ತೋರಿಸಿದಳು.

ನಮ್ಮಲ್ಲಿ ಆಗ ಒಬ್ಬರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರು ಕಲಿಯಲು ಬಂದಿದ್ದರು. ದೊಡ್ಡವರ ಮುಂದೆ ಬಾಯಿ ಬಿಡುತ್ತಿರಲಿಲ್ಲ, ಡ್ರೆಸಿಂಗ್ ರೂಮಿಗೆ ಬಂದರೆ ಮಾತೇ ಮಾತು. ಅವರು ಜಯಮ್ಮನಿಗೆ ಕೇಳಿದರು: "ನಿಮ್ಮೂರಲ್ಲಿ ಪಂಪ್‌ಸೆಟ್ ಇತ್ತಾ? ಫುಟ್‌ವಾಲ್ವ್ ಹೋದ್ರೆ ಏನಾಗುತ್ತೆ?"

"ಮ್ಯಾಕ್ಕೆ ಬಂದ ನೀರು ವಾಪಸ್ ಬಾವಿಗೇ ಇಳೀತದೆ."

"ಅಷ್ಟೇ. ನಿಮ್ಮ ಕಾಲಿನ ನರದಲ್ಲಿ ವಾಲ್ವ್ ಹೋಗಿದೆ. ಮೇಲೆ ಹೋಗಬೇಕಾದ ರಕ್ತ ಕೆಳಗೇ ನಿಂತು ಚರ್ಮ ಕೊಳೀತಿದೆ. ಮುಲಾಮು ಎಷ್ಟು ಬಳಿದ್ರೂ ವಾಲ್ವ್ ರಿಪೇರಿ ಆಗಲ್ಲ. ಬಿಗಿಯಾಗಿ ಕಟ್ಟಬೇಕು. ಬಿಡುವಿದ್ದಾಗೆಲ್ಲ ಕಾಲನ್ನ ಎದೆಗಿಂತ ಎತ್ತರ ಇಟ್ಟು ಮಲಗಬೇಕು."

ಕ್ರೇಪ್ ಬ್ಯಾಂಡೇಜನ್ನು ಬೆರಳ ಬುಡದಿಂದ ಮಂಡಿ ಕೆಳಗಿನವರೆಗೆ, ಹರಡಿನ ಹತ್ತಿರ ಹೆಚ್ಚು ಬಿಗಿ, ಮೇಲೆ ಹೋಗುತ್ತಾ ಕಡಿಮೆ ಬಿಗಿ, ಹಾಗೆ ಸುತ್ತುವುದನ್ನು ನಾನು ಕಲಿತದ್ದು ಜಯಮ್ಮನ ಕಾಲಿನ ಮೇಲೆ. ಅವಳು ಮೊದಲ ವಾರ ಮನೆಗೆ ಹೋಗಿ ಬಿಚ್ಚಿ ಹಾಕುತ್ತಿದ್ದಳು. ಬೈದೆ. ಎರಡನೇ ವಾರವೂ ಬೈದೆ. ನಾಲ್ಕು ತಿಂಗಳಿಗೆ ಐದು ವರ್ಷದ ಹುಣ್ಣು ಮುಚ್ಚಿತು. ನನಗೆ ಕೊಂಬು ಬಂತು. ಸುಳ್ಳು ಯಾಕೆ ಹೇಳಲಿ? ನನ್ನಷ್ಟು ಅಂದವಾಗಿ ಮೈಸೂರಿನಲ್ಲಿ ಯಾರೂ ಕಾಲು ಕಟ್ಟಲ್ಲ ಅಂತ ನಾನೇ ಹೇಳಿಕೊಂಡು ತಿರುಗುತ್ತಿದ್ದೆ.

ಆಮೇಲೆ ಎಲ್ಲರ ಕಾಲನ್ನೂ ಬಿಗಿಯಬಾರದು ಅಂತ ಕಲಿತೆ. ಬೀಡಿ ಸೇದುವ ಮುದುಕರೊಬ್ಬರು ಬಂದರು. ಹೆಬ್ಬೆರಳ ತುದಿಯಲ್ಲಿ ಹುಣ್ಣು, ಕಾಗದಕ್ಕೆ ಪಂಚ್ ಹೊಡೆದ ಹಾಗೆ ಗುಂಡಗೆ, ಆಳಕ್ಕೆ. ಕಾಲು ತಣ್ಣಗೆ, ಹೊಳೆಯುವ ಚರ್ಮ, ಒಂದು ಕೂದಲಿಲ್ಲ. ನಾನು ಬ್ಯಾಂಡೇಜ್ ಬಿಚ್ಚಿ ಶುರು ಮಾಡಿಯೇಬಿಟ್ಟಿದ್ದೆ. ಲೇಡಿ ಡಾಕ್ಟರು ಓಡಿ ಬಂದು ಕೈ ಹಿಡಿದರು. "ಪಾದದ ಮೇಲೆ ನಾಡಿ ನೋಡಿದ್ರಾ ಸಿಸ್ಟರ್? ಇವರಿಗೆ ರಕ್ತ ಕೆಳಗೇ ಬರ್ತಿಲ್ಲ. ನೀವು ಬಿಗಿದ್ರೆ ಇರೋದೂ ನಿಂತ್ಹೋಗುತ್ತೆ."

ಅವತ್ತಿಂದ ನಾನು ಯಾವ ಕಾಲು ಮುಟ್ಟುವ ಮೊದಲೂ ಒಂದು ಪ್ರಶ್ನೆ ಕೇಳುತ್ತಿದ್ದೆ: "ನೋವು ಬಂದ್ರೆ ಕಾಲನ್ನ ಎಲ್ಲಿ ಇಟ್ಕೊತೀರಿ?" ದಿಂಬಿನ ಮೇಲೆ ಎತ್ತಿಟ್ಟರೆ ಹಾಯೆನಿಸುತ್ತೆ ಅಂದರೆ ಜಯಮ್ಮನ ಜಾತಿ. ಮಂಚದಿಂದ ಕೆಳಗೆ ಇಳಿಬಿಟ್ಟರೆ ಹಾಯೆನಿಸುತ್ತೆ ಅಂದರೆ ಬೀಡಿ ತಾತನ ಜಾತಿ. "ನೋವಾ? ಯಾವ ನೋವು?" ಅಂದರೆ ಸಕ್ಕರೆ ಕಾಯಿಲೆ. ಅವರದು ಅಂಗಾಲಿನಲ್ಲಿ, ಸುತ್ತ ದಪ್ಪ ಚರ್ಮ ಕಟ್ಟಿ ನಡುವೆ ತೂತು. ಪ್ರತಿ ವರ್ಷ ಆಷಾಢ ಶುಕ್ರವಾರ ಮುಗಿದರೆ ಸಾಕು, ಬರಿಗಾಲಲ್ಲಿ ಬೆಟ್ಟದ ಮೆಟ್ಟಿಲು ಹತ್ತಿ ಅಂಗಾಲು ಬೊಬ್ಬೆ ಮಾಡಿಕೊಂಡವರು ಸೋಮವಾರ ಸಾಲಾಗಿ ನಿಲ್ಲುತ್ತಿದ್ದರು. ಸ್ಪರ್ಶವೇ ಇಲ್ಲದ ಪಾದ, ಬೊಬ್ಬೆ ಎದ್ದದ್ದೂ ಗೊತ್ತಿಲ್ಲ, ಒಡೆದದ್ದೂ ಗೊತ್ತಿಲ್ಲ. "ಸಾಕ್ಸಾದ್ರೂ ಹಾಕ್ಕೊಂಡು ಹತ್ತಿ, ಚಾಮುಂಡಮ್ಮ ನಿಮ್ಮ ಪಾದ ತಿರುಗಿಸಿ ನೋಡಲ್ಲ" ಅಂತ ಕೂಗಾಡುತ್ತಿದ್ದೆ. "ಇವಳ್ಯಾರೋ ನಾಸ್ತಿಕಳು" ಅಂತ ದೂರು ಹೋಯಿತು. ಹೋಗಲಿ. ನಾನು ಶುಕ್ರವಾರ ತಲೆಗೆ ಸ್ನಾನ ಮಾಡದೆ ಕಾಫಿ ಕುಡಿಯದವಳು.

ಈಗ ಕರೀಗೌಡರ ವಿಷಯ. ಬರೆಯಬೇಕಾದ್ದೇ ಇದು.

ಕರೀಗೌಡರು ನಜರ್‌ಬಾದಿನಲ್ಲಿ ಬೋಂಡ ಬಜ್ಜಿ ಗಾಡಿ ಹಾಕುತ್ತಿದ್ದರು. ಹೆಂಡತಿ ನಿಂಗಮ್ಮ ಹಿಟ್ಟು ಕಲಸುವುದು, ಇವರು ಬಾಣಲೆ ಮುಂದೆ. ಇಪ್ಪತ್ತರ ವಯಸ್ಸಿನಲ್ಲಿ ಕಾದ ಎಣ್ಣೆ ಚೆಲ್ಲಿ ಬಲ ಮೊಣಕಾಲ ಕೆಳಗೆ ಮುಂಗಾಲೆಲ್ಲ ಬೆಂದಿತ್ತು. ಆ ಕಲೆಯ ಚರ್ಮ ಕಾಗದದಂತೆ ತೆಳು. ವರ್ಷಕ್ಕೊಮ್ಮೆ ಒಡೆಯುವುದು, ಮುಚ್ಚುವುದು. ಐವತ್ತು ದಾಟಿದ ಮೇಲೆ ಒಡೆದದ್ದು ಮುಚ್ಚಲೇ ಇಲ್ಲ. ನಮ್ಮ ವಾರ್ಡಿಗೆ ಅಡ್ಮಿಟ್ ಆದರು. ಫೈಲಿನಲ್ಲಿ ಒಂದೇ ಸಾಲು: ಡೈಲಿ ಡ್ರೆಸಿಂಗ್. ಆಗೆಲ್ಲ ಕಾಲಿನ ಹುಣ್ಣಿನವರು ತಿಂಗಳುಗಟ್ಟಲೆ ವಾರ್ಡಿನಲ್ಲೇ ಇರುತ್ತಿದ್ದರು.

ನಮ್ಮ ವಾರ್ಡಿನ ಒಂದು ಪದ್ಧತಿ ಹೇಳಬೇಕು. ವಾರಕ್ಕೆರಡು ದಿನ ಬೆಳಿಗ್ಗೆ ಒಂಬತ್ತೂವರೆಗೆ ದೊಡ್ಡ ಡಾಕ್ಟರ ರೌಂಡ್ಸ್. ಒಂಬತ್ತಕ್ಕೆ ಮುಂಚೆ ಎಲ್ಲ ಹುಣ್ಣೂ ಕಟ್ಟಿರಬೇಕು. ನೆಲಕ್ಕೆ ಫಿನಾಯಿಲ್, ಕಿಟಕಿ ತೆಗೆದು ಎರಡು ಕಡ್ಡಿ ಊದುಬತ್ತಿ. ದೊಡ್ಡವರು ಬರುವಾಗ ವಾರ್ಡು ಮದುವೆ ಛತ್ರದ ಹಾಗೆ ಘಮಘಮ. ಅವರು ಮಂಚದ ಕಾಲ ಬುಡದಲ್ಲಿ ನಿಂತು ಫೈಲ್ ನೋಡುತ್ತಿದ್ದರು. "ಡ್ರೆಸಿಂಗ್ ಆಯ್ತಾ? ಹೇಗಿದೆ?" "ಇಂಪ್ರೂವ್ ಆಗ್ತಿದೆ ಸರ್." "ಕಂಟಿನ್ಯೂ." ಮುಂದಿನ ಮಂಚ. ಹೀಗೆ ಎರಡು ತಿಂಗಳಲ್ಲಿ ಕರೀಗೌಡರ ಹುಣ್ಣನ್ನು ಬರಿಗಣ್ಣಿಂದ ನೋಡಿದ್ದು ಒಬ್ಬಳೇ, ನಾನು. ಲೇಡಿ ಡಾಕ್ಟರು ಆಗ ಬೇರೆ ಯೂನಿಟ್ಟಿಗೆ ಹೋಗಿದ್ದರು. "ಇಂಪ್ರೂವ್ ಆಗ್ತಿದೆ ಸರ್" ಅಂದದ್ದೂ ನಾನೇ.

ಸುಳ್ಳು ಹೇಳಿರಲಿಲ್ಲ. ನಂಬಿದ್ದೆ. ಹುಣ್ಣಿನ ಒಂದು ಅಂಚು ಕೆಂಪಗೆ ಉಬ್ಬಿ ಬರುತ್ತಿತ್ತು. ಗುಂಡಿ ತುಂಬಿ ಮಾಂಸ ಬೆಳೆದರೆ ಹುಣ್ಣು ವಾಸಿಯಾಗುವ ಲಕ್ಷಣ ಅಂತ ನಮ್ಮ ಲೆಕ್ಕ. "ಕರೀಗೌಡ್ರೆ, ಹೊಸ ಮಾಂಸ ಬರ್ತಿದೆ" ಅಂದೆ. ಆ ಮನುಷ್ಯನ ಮುಖ ಅರಳಿತು. ವಾರ ವಾರಕ್ಕೂ ಅಂಚು ಇನ್ನಷ್ಟು ಉಬ್ಬಿ, ಹೂಕೋಸಿನ ಹಾಗೆ ಹೊರಕ್ಕೆ ಮಗುಚಿಕೊಂಡಿತು. ಮುಟ್ಟಿದರೆ ರಕ್ತ. ವಾಸನೆಯೂ ಬೇರೆ ಥರ. ನಾನು ಇನ್ನೊಂದು ಪದರ ಹತ್ತಿ ಇಟ್ಟು ಇನ್ನೂ ಅಂದವಾಗಿ ಕಟ್ಟಿದೆ.

ಎಂಟನೇ ವಾರದ ಒಂದು ಬೆಳಿಗ್ಗೆ ನಿಂಗಮ್ಮ ಡ್ರೆಸಿಂಗ್ ರೂಮಿನ ಒಳಗೇ ಬಂದು ನಿಂತಳು. ಹುಣ್ಣು ತೆರೆದಿತ್ತು. ನಾನು ಬೇಡ ಅನ್ನುವ ಮೊದಲೇ ಆ ಉಬ್ಬಿದ ಅಂಚಿನ ಪಕ್ಕ ಬೆರಳಿಟ್ಟು ಒತ್ತಿದಳು.

"ಸಿಸ್ಟರಮ್ಮ, ಒಸ ಮಾಂಸ ಅಂದ್ರೆ ಮೆತ್ತಗಿರ್ಬೇಕಲ್ವ್ರಾ? ಬಾಣಲೆ ಅಂಚ್ನಲ್ಲಿ ಹಿಟ್ಟು ಒಣಗಿ ಕಚ್ಕೊಂಡಿರ್ತದಲ್ಲ, ಅಂಗದೆ ಇದು."

ಅವಳ ಗಂಡ ರೇಗಿದರು. "ಸುಮ್ಕಿರೇ, ನೀನೇನು ಡಾಕ್ಟ್ರಾ? ಆಯಮ್ಮ ದಿನಾ ನೋಡ್ತಾವ್ರೆ."

ನಾನು ಗ್ಲೌಸ್ ಕೈಯಲ್ಲಿ ಒತ್ತಿ ನೋಡಿದೆ. ಕಲ್ಲು. ಎರಡು ತಿಂಗಳು ನೋಡಿದ್ದೆ, ಒಂದು ಸಲವೂ ಒತ್ತಿ ನೋಡಿರಲಿಲ್ಲ. ಹಳೇ ಸುಟ್ಟ ಕಲೆಯ ಮೇಲೆ ವರ್ಷಗಟ್ಟಲೆ ಮಾಯದ ಹುಣ್ಣು, ಅಂಚು ಎದ್ದು ಹೊರಕ್ಕೆ ಮಗುಚಿ ಗಟ್ಟಿಯಾದರೆ ಅದು ಹೊಸ ಮಾಂಸ ಅಲ್ಲ ಮಕ್ಕಳೇ, ಕ್ಯಾನ್ಸರ್ ಇರಬಹುದು. ತುಣುಕು ತೆಗೆದು ಪರೀಕ್ಷೆಗೆ ಕಳಿಸಬೇಕು. ಈ ಎರಡು ವಾಕ್ಯ ಯಾರಾದರೂ ನನಗೆ ಮೊದಲೇ ಹೇಳಿದ್ದರೆ!

ಅವತ್ತು ರೌಂಡ್ಸ್ ದಿನ. ನಾನು ಕಟ್ಟಲಿಲ್ಲ. ಮೇಲೆ ತೆಳುವಾಗಿ ಒದ್ದೆ ಬಟ್ಟೆ ಹಾಸಿ ಕರೀಗೌಡರನ್ನು ಮಂಚಕ್ಕೆ ಕಳಿಸಿದೆ. ಹೆಡ್ ಸಿಸ್ಟರ್ ಓಡಿ ಬಂದರು. "ಪಂಕಜಾ, ಏನಿದು? ಒಂಬತ್ತೂ ಇಪ್ಪತ್ತು! ಕಟ್ಟು ಬೇಗ."

"ದೊಡ್ಡವರು ನೋಡ್ಲಿ ಮೇಡಂ, ಆಮೇಲೆ ಕಟ್ತೀನಿ."

"ನನ್ನ ಕೆಲಸಕ್ಕೆ ಕಲ್ಲು ಹಾಕ್ಬೇಡ ಕಣೆ!"

ದೊಡ್ಡವರು ಬಂದರು. ಎರಡು ಹೆಜ್ಜೆ ದೂರದಲ್ಲೇ ನಿಂತರು. "ಯಾಕೆ ಓಪನ್ ಬಿಟ್ಟಿದ್ದೀರಿ? ಕವರ್ ಇಟ್."

"ನೋಡಿದ್ಮೇಲೆ ಮಾಡ್ತೀನಿ ಸರ್."

ಮೇಲಿದ್ದ ಒದ್ದೆ ಬಟ್ಟೆ ತೆಗೆದೆ. ಅವರು ನೋಡಿದರು. ಒಂದೇ ಕ್ಷಣ. ಮುಖದ ಬಣ್ಣ ಬದಲಾಯಿತು. "ಬಯಾಪ್ಸಿ. ಎಕ್ಸ್‌ರೇ. ಇವತ್ತೇ" ಅಂದರು. ದಡ್ಡರಲ್ಲ ಅವರು, ಒಂದು ನೋಟಕ್ಕೆ ಗೊತ್ತಾಯಿತು. ನನಗೆ ಸಿಟ್ಟು ಬಂದದ್ದೂ ಅದಕ್ಕೇ.

ಕ್ಯಾನ್ಸರ್ ಅಂತಲೇ ಬಂತು. ಮೂಳೆಗೂ ಇಳಿದಿತ್ತು. ಪುಣ್ಯಕ್ಕೆ ತೊಡೆ ಸಂದಿಯಲ್ಲಿ ಗಂಟಿರಲಿಲ್ಲ. ಮಂಡಿ ಕೆಳಗೆ ಕಾಲು ತೆಗೆಯಲೇಬೇಕು ಅಂದರು. ಎರಡು ತಿಂಗಳ ಮೊದಲು ಗೊತ್ತಾಗಿದ್ದರೆ? ಲೇಡಿ ಡಾಕ್ಟರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಅವರು, "ಬರೀ ಅಷ್ಟು ಭಾಗ ಕತ್ತರಿಸಿ ತೊಡೆ ಚರ್ಮ ಹಾಕಬಹುದಿತ್ತೇನೋ. ಖಂಡಿತ ಅಂತ ಹೇಳೋಕಾಗಲ್ಲ ಸಿಸ್ಟರ್" ಅಂದರು. ಆ "ಏನೋ" ಇದೆಯಲ್ಲ, ಅದು ನನ್ನ ಜೊತೆಯೇ ರಿಟೈರ್ ಆಗಿ ಮನೆಗೆ ಬಂದಿದೆ.

ನಾನು ಕೇಸ್ ಶೀಟಿನಲ್ಲಿ ಬರೆದೆ: ಇಂಥ ವಾರದಿಂದ ಅಂಚು ಉಬ್ಬಿರುವುದನ್ನು ನೋಡಿದ್ದೇನೆ, ತಪ್ಪಾಗಿ ಹೊಸ ಮಾಂಸ ಅಂದುಕೊಂಡೆ, ಯಾವ ವೈದ್ಯರಿಗೂ ಹುಣ್ಣು ತೆರೆದು ತೋರಿಸಿಲ್ಲ, ರೌಂಡ್ಸಿನಲ್ಲಿ ಯಾರೂ ತೆರೆಸಿ ನೋಡಿಯೂ ಇಲ್ಲ. ಸಹಿ ಹಾಕಿದೆ.

ಹೆಡ್ ಸಿಸ್ಟರ್ ಕೈ ಮುಗಿದರು. "ಬೇಡ ಕಣೆ ಪಂಕಜಾ. ಆ ಹಾಳೆ ಕಿತ್ತಾಕು. ನಾಳೆ ಏನೇ ಆದ್ರೂ ನರ್ಸ್ ತಲೆಗೇ ಕಟ್ತಾರೆ. ನಿನಗೊಬ್ಬಳಿಗೇ ಅಲ್ಲ, ನಮಗೆಲ್ಲ."

ದೊಡ್ಡವರು ಕರೆಸಿದರು. "ಯಾರಮ್ಮ ನಿನಗೆ ಇದೆಲ್ಲ ಬರೆಯೋಕೆ ಹೇಳಿದ್ದು? ಎಲ್ಲಾ ನಿನ್ನದೇ ತಪ್ಪು ಅಂತ ಒಪ್ಪಿಕೊಂಡಿದ್ದೀಯ, ಗೊತ್ತಾ?"

"ಎಲ್ಲಾ ಅಲ್ಲ ಸರ್. ನೀವು ನೋಡಿಲ್ಲ ಅಂತಾನೂ ಬರೆದಿದ್ದೀನಿ."

ಮಾರನೇ ದಿನ ಮೆಮೋ. ಇನ್ನು ಮುಂದೆ ನಾನು ವಾರ್ಡಿನವರ ಹುಣ್ಣು ಮುಟ್ಟುವ ಹಾಗಿಲ್ಲ, ಹೊರರೋಗಿಗಳಷ್ಟೇ ನನ್ನ ಪಾಲು. ವಾರ್ಡಿಗೆ ಶೋಭಾ ಅಂತ ಹೊಸ ನರ್ಸು. ಒಂಬತ್ತಕ್ಕೆ ಮುಂಚೆ ಎಲ್ಲ ಕಟ್ಟಿರಬೇಕು ಅಂತ ಬೋರ್ಡಿಗೆ ಅಂಟಿಸಿದರು. ಮೆಮೋಗೆ ಉತ್ತರ ಬರೆದೆ: ತಪ್ಪು ಮಾಡಿದ್ದೇನೆ, ಒಪ್ಪಿದ್ದೇನೆ, ಒಂಬತ್ತಕ್ಕೆ ಕಟ್ಟುವ ಪದ್ಧತಿ ಇರುವವರೆಗೆ ಇನ್ನೊಬ್ಬಳು ಇದೇ ತಪ್ಪು ಮಾಡುತ್ತಾಳೆ. ಅದಕ್ಕೆ ಇವತ್ತಿಗೂ ಜವಾಬು ಬಂದಿಲ್ಲ.

ಮೆಮೋಗಿಂತ ಕಷ್ಟದ್ದು ಇನ್ನೊಂದಿತ್ತು. ಆಪರೇಷನ್ನಿಗೆ ಹಿಂದಿನ ದಿನ ಮಧ್ಯಾಹ್ನ ಕರೀಗೌಡರ ಮಂಚದ ಹತ್ತಿರ ಹೋದೆ. ನಿಂಗಮ್ಮ ಮೂಸಂಬಿ ಸುಲಿಯುತ್ತಿದ್ದಳು. "ಎರಡು ತಿಂಗಳು ನಾನು ತಪ್ಪು ಹೇಳ್ದೆ ಕರೀಗೌಡ್ರೆ. ಅದು ಹೊಸ ಮಾಂಸ ಆಗಿರ್ಲಿಲ್ಲ. ಆಗಲೇ ತೋರಿಸಿದ್ರೆ ಕಾಲು ಉಳೀತಿತ್ತೇನೋ" ಅಂದೆ. ಸುತ್ತಿ ಬಳಸಿ ಹೇಳಲಿಲ್ಲ. ಹೇಳಲು ಬರುವುದೂ ಇಲ್ಲ.

ಅವರು ನನ್ನನ್ನು ನೋಡಲಿಲ್ಲ. ಕಾಲನ್ನೇ ನೋಡುತ್ತಿದ್ದರು.

"ನೀವು ಒಸ ಮಾಂಸ ಅಂದ ದಿವ್ಸ ಮನೇಲಿ ಪಾಯಸ ಮಾಡ್ಸಿದ್ನಲ್ಲವ್ವ" ಅಂದರು. ಆಮೇಲೆ, "ಇನ್ಮ್ಯಾಲೆ ನೀವು ನನ್ನ ಕಾಲು ಮುಟ್ಬ್ಯಾಡಿ. ಓಗಿ."

ಹೋದೆ. ಯಾರೋ ಕಮೆಂಟಿನಲ್ಲಿ "ಆಮೇಲೆ ಕ್ಷಮಿಸಿರಬೇಕು ಅಲ್ವಾ ಮೇಡಂ" ಅಂತ ಕೇಳುವ ಮೊದಲೇ ಹೇಳಿಬಿಡುತ್ತೇನೆ. ಇಲ್ಲ. ಕ್ಷಮಿಸಿದೆ ಅಂತ ಅವರು ಯಾವತ್ತೂ ಹೇಳಲಿಲ್ಲ, ಕೇಳುವ ಮುಖ ನನಗೂ ಇರಲಿಲ್ಲ.

ಕಾಲು ತೆಗೆದರು. ಮೊದಲ ದಿನಗಳ ಡ್ರೆಸಿಂಗನ್ನು ಆಪರೇಷನ್ ಮಾಡಿದವರೇ ನೋಡಿಕೊಂಡರು. ಆಮೇಲೆ ಶೋಭಾಳ ಸರದಿ ಬಂತು. ಮೊದಲ ರೌಂಡ್ಸ್ ದಿನ ಬೆಳಿಗ್ಗೆ ಎಂಟೂವರೆಗೆ ಅವಳು ಹೊರರೋಗಿಗಳ ಕೋಣೆಗೆ ಓಡಿ ಬಂದಳು. ಕಣ್ಣಲ್ಲಿ ನೀರು.

"ಅಕ್ಕ, ಕರೀಗೌಡ್ರು ಕಟ್ಟೋಕೆ ಬಿಡ್ತಿಲ್ಲ. ಹೆಡ್ ಸಿಸ್ಟರ್ ನನ್ನ ಬೈತಿದ್ದಾರೆ. ನೀವೊಂದ್ಸಲ ಬಂದು ಹೇಳಿ."

"ನಾನು ಮುಟ್ಟೋ ಹಾಗಿಲ್ಲ ಕಣಮ್ಮ. ಅವರೂ ಬೇಡ ಅಂದಿದ್ದಾರೆ, ಇವರೂ ಬೇಡ ಅಂದಿದ್ದಾರೆ."

ಆದರೂ ಹೋಗಿ ವಾರ್ಡಿನ ಬಾಗಿಲಲ್ಲಿ ನಿಂತೆ. ಕರೀಗೌಡರು ದಿಂಬಿಗೆ ಒರಗಿ ಕೂತಿದ್ದರು. ಮೋಟುಗಾಲಿನ ಮೇಲೆ ತೆಳು ಬಟ್ಟೆ ಮಾತ್ರ. ಶೋಭಾ ಬ್ಯಾಂಡೇಜ್ ಹಿಡಿದು ಬೇಡಿಕೊಳ್ಳುತ್ತಿದ್ದಳು. "ಗಾಯ ಚೆನ್ನಾಗಿದೆ ಗೌಡ್ರೆ, ನಾನೇ ನೋಡಿದ್ದೀನಲ್ಲ."

"ನೀನು ನೋಡಿದ್ದು ಸಾಲ್ದು ಕಣಮ್ಮ. ದೊಡ್ಡೋರು ನೋಡಿ ಯೋಳ್ಲಿ, ಆಮ್ಯಾಕೆ ಕಟ್ಟು."

"ಹಾಗೆಲ್ಲ ರೂಲ್ಸ್ ಇಲ್ಲ!" ಹೆಡ್ ಸಿಸ್ಟರ್ ಗದರಿದರು.

"ಕಾಲು ನಂದು ಕಣ್ರವ್ವ. ನಿಮ್ ರೂಲ್ಸ್‌ದಲ್ಲ."

ಎದುರು ಮಂಚದಲ್ಲಿ ಬೀಡಿ ತಾತ ಇದ್ದರು. ಹುಣ್ಣು ಕಪ್ಪಾಗಿ ಅಡ್ಮಿಟ್ ಆಗಿದ್ದರು. ಕೆಮ್ಮುತ್ತಾ ನಕ್ಕರು. ಬಗ್ಗಿ, ಶೋಭಾ ಆಗಷ್ಟೇ ಕಟ್ಟಿ ಮುಗಿಸಿದ್ದ ಬ್ಯಾಂಡೇಜಿನ ತುದಿ ಹುಡುಕಿ ಬಿಚ್ಚತೊಡಗಿದರು.

"ತಾತ, ಏನ್ ಮಾಡ್ತಿದ್ದೀರಿ!"

"ನಂದೂ ಒಸಿ ನೋಡ್ಲಿ ಬುಡವ್ವ. ದುಡ್ಡು ಕೊಡ್ಬೇಕಾ ಅದ್ಕೆ?"

ಪಕ್ಕದವರು ಬಿಚ್ಚಿದರು. ಅವರ ಪಕ್ಕದವರು ಬಿಚ್ಚಿದರು. ವಿದ್ಯಾರಣ್ಯಪುರಂನ ಸಕ್ಕರೆ ಕಾಯಿಲೆಯ ಮೇಷ್ಟ್ರೊಬ್ಬರು ಇದ್ದರು, ಬಹಳ ನಾಜೂಕಿನವರು. ಅವರು ಬ್ಯಾಂಡೇಜನ್ನು ಬಿಚ್ಚಿ, ನೀಟಾಗಿ ಸುತ್ತಿ, ದಿಂಬಿನ ಪಕ್ಕ ಇಟ್ಟುಕೊಂಡು ಪಂಚೆ ಸರಿಮಾಡಿಕೊಂಡರು. ಯಾರೂ ಕೂಗಲಿಲ್ಲ, ಘೋಷಣೆ ಇಲ್ಲ. ಒಂಬತ್ತೂ ಇಪ್ಪತ್ತೈದರ ಹೊತ್ತಿಗೆ ಹನ್ನೊಂದು ಮಂಚದ ಮೇಲೆ ಹನ್ನೊಂದು ಹುಣ್ಣು ತೆರೆದುಕೊಂಡಿದ್ದವು. ವಾಸನೆ ಎದ್ದಿತು. ಊದುಬತ್ತಿ ಅದರ ಮುಂದೆ ಎಲ್ಲಿ?

ಹೆಡ್ ಸಿಸ್ಟರ್ ನನ್ನ ಕಡೆ ತಿರುಗಿದರು. "ಇದು ನಿನ್ನ ಕಿತಾಪತಿ."

"ನಾನು ಬಾಗಿಲಲ್ಲಿ ನಿಂತಿದ್ದೀನಿ ಮೇಡಂ" ಅಂದೆ.

ದೊಡ್ಡ ಡಾಕ್ಟರು ಬಂದರು. ಹಿಂದೆ ಆರೇಳು ಜನ ಕಲಿಯುವ ಹುಡುಗರು. ಬಾಗಿಲು ದಾಟಿ ಎರಡು ಹೆಜ್ಜೆ ಇಟ್ಟು ನಿಂತರು. ಒಂದು ಕೊನೆಯಿಂದ ಇನ್ನೊಂದು ಕೊನೆಯವರೆಗೆ ನೋಡಿದರು. ನನ್ನನ್ನೂ ನೋಡಿದರು. ವಾಪಸ್ ಹೋಗಿಬಿಡುತ್ತಾರೆ ಅಂದುಕೊಂಡೆ. ಹೋಗಲಿಲ್ಲ. ಕರೀಗೌಡರ ಮಂಚದ ಬುಡಕ್ಕೆ ಹೋಗಿ ಫೈಲಿಗೆ ಕೈ ಚಾಚಿದರು.

"ಹೇಗಿದೆ?"

ಶೋಭಾ ಬಾಯಿ ತೆರೆದಳು. ಕರೀಗೌಡರು ಕೈ ಅಡ್ಡ ಹಿಡಿದು ಅವಳನ್ನು ತಡೆದರು. ಇನ್ನೊಂದು ಕೈಯಿಂದ ಮೋಟುಗಾಲಿನ ಮೇಲಿದ್ದ ಬಟ್ಟೆ ತೆಗೆದರು.

"ಬಗ್ಗಿ ನೋಡಿ ಸಾ. ಅಷ್ಟು ದೂರ್ದಿಂದ ಕಾಣಕ್ಕಿಲ್ಲ."

ದೊಡ್ಡವರು ಫೈಲನ್ನು ಹಿಂದಿದ್ದ ಹುಡುಗನ ಕೈಗೆ ಕೊಟ್ಟು, ಅಂಗಿ ತೋಳು ಮಡಿಸಿಕೊಂಡು, ಬಗ್ಗಿದರು.